ಗುವಾಹಟಿಗೆ ಬಾಣಂತನಕ್ಕೆ

ನನ್ನಕ್ಕನ ಕಿರಿಯ ಮಗಳು ಕೇಂದ್ರ ಸರ್ಕಾರದ ಪೊಲೀಸ್ ಪಡೆಯಲ್ಲಿ ಕಾನ್‌ಸ್ಟೇಬಲ್. ಅವಳ ಗಂಡನೂ ಅದೇ ಪಡೆಯವನು, ಮಂಡ್ಯದ ಕಡೆಯವನು. ಇಬ್ಬರಿಗೂ ಗುವಾಹಟಿಯಲ್ಲಿ ಕೆಲಸ. ಅವಳು ಬಸುರಾದಾಗ ಏಳನೇ ತಿಂಗಳಿಗೆ ಊರಿಗೆ ಬಂದು, ಇಲ್ಲೇ ಹೆರಿಗೆ ಮುಗಿಸಿಕೊಂಡು ಹೋಗುವುದೆಂದು ಮಾತಾಗಿತ್ತು. ತಿ. ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯಲ್ಲಿ ಅಕ್ಕನ ಹಳ್ಳಿ. ಅವಳು ಆಗಲೇ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಬಾಣಂತಿ ನೀರಿಗೆಂದು ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿ ಇಟ್ಟಿದ್ದಳು.

ಆದರೆ ಮಗಳ ರಕ್ತದೊತ್ತಡ ಏರಿತು. ಅಲ್ಲಿನ ಡಾಕ್ಟರು ಎಲ್ಲಿಗೂ ಪ್ರಯಾಣ ಮಾಡಕೂಡದು, ಮಲಗಿಕೊಂಡೇ ಇರಬೇಕು ಎಂದರು. ಮಗಳು ಬರುವ ಹಾಗಿಲ್ಲ ಎಂದಮೇಲೆ ತಾಯಿ ಹೋಗಬೇಕು. ಅಕ್ಕನಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ನಾನು ಓದುವ ಕಾಲದಲ್ಲಿ ಎರಡು ಹಿಂದಿ ಪರೀಕ್ಷೆ ಪಾಸು ಮಾಡಿಕೊಂಡಿದ್ದೆ. ಅದೊಂದೇ ಕಾರಣಕ್ಕೆ ಅವಳ ಜೊತೆ ನಾನು ಹೋಗುವುದೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ನನಗೆ ನಂಜನಗೂಡಿನಲ್ಲಿ ಒಂದು ಟೈಲರಿಂಗ್ ಅಂಗಡಿ ಇದೆ, ರವಿಕೆ ಹೊಲಿಯುತ್ತೇನೆ. ಮದುವೆ ಸೀಸನ್ ಮುಗಿದಿತ್ತು. ತಿಂಗಳೊಪ್ಪತ್ತು ಬಾಗಿಲು ಹಾಕಿದರೆ ಮುಳುಗಿಹೋಗುವಂಥದ್ದೇನಿಲ್ಲ ಎಂದು ನನ್ನ ಯಜಮಾನರೂ ಒಪ್ಪಿದರು.

ಭಾವ ರೈಲಿನಲ್ಲೇ ಹೋಗಬೇಕು ಎಂದರು. ಮಗಳು ಕೆಲಸಕ್ಕೆ ಸೇರುವಾಗ ಅವಳನ್ನು ಬಿಟ್ಟುಬರಲು ಹೋಗಿದ್ದವರು ಅವರೇ. ಹತ್ತಿರ ಹತ್ತಿರ ಮೂರು ದಿನದ ದಾರಿ. ಆಂಧ್ರ, ಒಡಿಶಾ, ಬಂಗಾಳ ದಾಟಿ ಹೋದ ಆ ಪ್ರಯಾಣದ ಕತೆಯನ್ನು ಅವರು ಒಂದು ವರ್ಷ ಹೇಳಿದ್ದರು. ಯಾವ ಸ್ಟೇಷನ್ನಿನಲ್ಲಿ ಟೀಯನ್ನು ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ, ಯಾವ ನದಿಯ ಮೇಲೆ ರೈಲು ಎಷ್ಟು ಹೊತ್ತು ಓಡುತ್ತದೆ ಎಂಬುದೆಲ್ಲ ನಮಗೂ ಬಾಯಿಪಾಠವಾಗಿತ್ತು. ಕಾಲು ಊದಿಕೊಂಡು ಚಪ್ಪಲಿ ಹಿಡಿಸದೆ ಹೋದದ್ದನ್ನು ಮಾತ್ರ ಅವರು ಹೇಳುತ್ತಿರಲಿಲ್ಲ, ಅದನ್ನು ಮಗಳು ಹೇಳಿದ್ದಳು. ಒಂಬತ್ತು ತುಂಬುವುದಕ್ಕೆ ಮುಂಚೆ ತಲುಪುವಂತೆ ರೈಲಿಗೆ ಟಿಕೆಟ್ಟೂ ಆಯಿತು.

ಆ ದಿನ ಬರುವುದಕ್ಕೆ ಇನ್ನೂ ಎರಡು ವಾರವಿದೆ ಎನ್ನುವಾಗ ಅಳಿಯ ಫೋನ್ ಮಾಡಿದ. ಒತ್ತಡ ಇಳಿಯುತ್ತಿಲ್ಲ, ಡಾಕ್ಟರು ಬೇಗನೇ ಆಪರೇಷನ್ ಮಾಡಿ ಮಗು ತೆಗೆಯಬಹುದು, ಸಾಧ್ಯವಾದರೆ ಈ ವಾರವೇ ಹೊರಟುಬಿಡಿ, ವಿಮಾನಕ್ಕೆ ತಾನೇ ಟಿಕೆಟ್ ಮಾಡುತ್ತೇನೆ ಎಂದ. ಬೆಂಗಳೂರಿನಲ್ಲಿ ಹತ್ತಿದರೆ ನೇರ ಗುವಾಹಟಿಯಲ್ಲೇ ಇಳಿಯುವುದು, ಬರೀ ಮೂರು ಗಂಟೆ ಎಂದೂ ಸೇರಿಸಿದ. ಆವತ್ತು ನಾನು ಅಕ್ಕನ ಮನೆಯಲ್ಲೇ ಇದ್ದೆ. ಅವಳು ಫೋನ್ ಇಟ್ಟು ನನ್ನ ಮುಖ ನೋಡಿದಳು.

"ಅಲ್ಲ ಕಣೆ, ಮೂರ್ ದಿನದ ದಾರಿ ಮೂರ್ ಗಂಟೆಗೆ ಎಂಗೆ ಇಳೀತದೆ? ಅವನು ನಮ್ಮನ್ನ ಒರಡ್ಸಕ್ಕೆ ಏಳ್ತಾವ್ನೆ."

ನಾನು ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ರೈಲಿನ ದಾರಿ ಸಮುದ್ರದ ಪಕ್ಕದಲ್ಲಿ ಸುತ್ತಿಕೊಂಡು, ಬಂಗಾಳಕ್ಕೆ ಹೋಗಿ, ಬಾಂಗ್ಲಾದೇಶವನ್ನು ಬಳಸಿಕೊಂಡು ಮೇಲಕ್ಕೆ ಏರಿ ಮತ್ತೆ ಪೂರ್ವಕ್ಕೆ ತಿರುಗುತ್ತದೆ. ಹೆಚ್ಚುಕಮ್ಮಿ ಮೂರು ಸಾವಿರ ಕಿಲೋಮೀಟರ್. ಆಕಾಶದಲ್ಲಿ ಗೆರೆ ಎಳೆದ ಹಾಗೆ ಹೋದರೆ ಎರಡು ಸಾವಿರದ ಮುನ್ನೂರರ ಆಸುಪಾಸು. ದೂರದಲ್ಲಿ ಅಂಥ ದೊಡ್ಡ ವ್ಯತ್ಯಾಸವೇನೂ ಇಲ್ಲ, ವ್ಯತ್ಯಾಸ ಇರುವುದೆಲ್ಲ ಓಟದಲ್ಲಿ ಎಂದು ನಾನು ವಿವರಿಸಿದೆ. ಅಕ್ಕ ಗೆರೆಯ ಮೇಲೆ ಬೆರಳಿಟ್ಟು ಅತ್ತಿತ್ತ ಆಡಿಸಿದಳು. ನಮ್ಮೂರಿನಿಂದ ನಂಜನಗೂಡಿಗೆ ಬರುವ ಬಸ್ಸು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಗೊತ್ತಾ, ಸಂತೆ ದಿನವಾದರೆ ಅರ್ಧ ದಿನವೇ ಹೋಗುತ್ತದೆ ಎಂದಳು. ಭಾವ ಜಗಲಿಯಿಂದಲೇ, ವಿಮಾನವೆಲ್ಲ ನಮ್ಮಂಥವರಿಗಲ್ಲ, ಮೇಲೆ ಏನಾದರೂ ಆದರೆ ಇಳಿದು ನಡೆಯುವುದಕ್ಕಾಗುತ್ತದಾ ಎಂದು ಗೊಣಗಿದರು.

ಸಂಜೆ ಹಾಲು ಕರೆದುಕೊಂಡು ಬಂದ ಅಕ್ಕ ಹಾಲಿನ ಬಿಂದಿಗೆಯನ್ನು ಇಟ್ಟು, ವಿಮಾನದಲ್ಲೇ ಹೋಗೋಣ ಎಂದಳು. ಯಾಕೆ ಮನಸ್ಸು ಬದಲಾಯಿಸಿದೆ ಎಂದು ನಾನು ಕೇಳಬೇಕಾಗಿರಲಿಲ್ಲ. ಈ ಮಗಳು ಹುಟ್ಟಿದ್ದು ಅದೇ ಮನೆಯಲ್ಲಿ, ಒಂದು ಮಳೆಗಾಲದಲ್ಲಿ. ನಮ್ಮ ತವರು ಹೆಮ್ಮರಗಾಲ. ಅಕ್ಕನಿಗೆ ನೋವು ಶುರುವಾಗಿದೆ ಎಂದು ಸುದ್ದಿ ಬಂದಾಗ ನಮ್ಮವ್ವ ಉಟ್ಟ ಸೀರೆಯಲ್ಲೇ ಹೊರಟಿದ್ದಳು, ನಾನೂ ಜೊತೆಗಿದ್ದೆ. ಕಬಿನಿ ಅಣೆಕಟ್ಟಿನಿಂದ ನೀರು ಬಿಟ್ಟು ಕಪಿಲೆ ತುಂಬಿ ಸೇತುವೆಯ ಮೇಲೆ ಹರಿಯುತ್ತಿತ್ತು. ಬಸ್ಸುಗಳೆಲ್ಲ ನಂಜನಗೂಡಿನಲ್ಲೇ ನಿಂತಿದ್ದವು. ಅವ್ವ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಬಂದ ಡ್ರೈವರುಗಳನ್ನೆಲ್ಲ ಅಣ್ಣಾ ಅಣ್ಣಾ ಎಂದು ಬೇಡಿಕೊಂಡಳು. ನೀರು ಇಳಿದು ನಾವು ತಲುಪುವ ಹೊತ್ತಿಗೆ ಕೂಸಿಗೆ ಎರಡು ದಿನವಾಗಿತ್ತು. ಅಕ್ಕನಿಗೆ ತುಂಬ ರಕ್ತ ಹೋಗಿ ಮುಖ ಬಿಳಿಚಿಕೊಂಡಿತ್ತು. ಪಕ್ಕದ ಮನೆಯವರು ನೋಡಿಕೊಂಡಿದ್ದರು, ಎಲ್ಲ ಸರಿಹೋಯಿತು. ಆದರೂ ಇಷ್ಟು ಹತ್ತಿರ ಇದ್ದೂ ಮಗಳ ಹತ್ತಿರ ಇರಲಾಗಲಿಲ್ಲವಲ್ಲ ಎಂದು ಅವ್ವ ಸಾಯುವವರೆಗೂ ಹೇಳಿಕೊಳ್ಳುತ್ತಿದ್ದಳು.

ಮುಂದಿನ ಮೂರು ದಿನ ಕಟ್ಟುವುದೇ ಕೆಲಸ. ಮೆಣಸು, ಓಂಕಾಳು, ಒಣಶುಂಠಿ, ಅಂಟು, ಬೆಲ್ಲ, ಹುರಿಹಿಟ್ಟು ಎಲ್ಲವನ್ನೂ ಅಕ್ಕ ಬೇರೆ ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿದಳು. ರಾಗಿಹಿಟ್ಟನ್ನು ಎರಡು ಸಲ ಜರಡಿ ಹಿಡಿದಳು. ಎಲ್ಲಕ್ಕಿಂತ ಜೋಪಾನವಾಗಿ ಕಟ್ಟಿದ್ದು ಕೊಬ್ಬರಿಯನ್ನು. ಹಿತ್ತಲಿನ ಎರಡು ತೆಂಗಿನಮರದ ಕಾಯನ್ನು ಅಟ್ಟದ ಮೇಲೆ ಹಾಕಿ, ಅಲ್ಲಾಡಿಸಿದರೆ ಒಳಗೆ ಲೊಡಲೊಡ ಸದ್ದಾಗುವವರೆಗೆ ಕಾದು, ಬಾಣಂತಿಗೆಂದೇ ಒಡೆಸಿದ್ದು. ನಾನು ಯಜಮಾನರ ಹಳೆಯ ಪಂಚೆ ಕತ್ತರಿಸಿ ಗುಂಡಿಯಿಲ್ಲದ, ದಾರ ಕಟ್ಟುವ ಸಣ್ಣ ಅಂಗಿಗಳನ್ನು ಹೊಲಿದೆ. ಒಬ್ಬೊಬ್ಬರಿಗೆ ಇಂತಿಷ್ಟೇ ತೂಕ ಎಂದು ಅಳಿಯ ಹೇಳಿದ್ದರಿಂದ ಅಕ್ಕನ ಮಗ ಬ್ಯಾಗುಗಳನ್ನು ರೇಷ್ಮೆಗೂಡು ತೂಗುವ ತಕ್ಕಡಿಗೆ ನೇತುಹಾಕಿದ. ಹೆಚ್ಚಾಗಿತ್ತು. ಅಕ್ಕ ತನ್ನ ಸೀರೆಗಳಲ್ಲಿ ಎರಡನ್ನು ತೆಗೆದಿಟ್ಟಳು, ಬೇರೆ ಯಾವುದನ್ನೂ ಮುಟ್ಟಲು ಬಿಡಲಿಲ್ಲ.

ಮೊದಲ ದಿನವೆಲ್ಲ ಬೆಂಗಳೂರು ತಲುಪುವುದಕ್ಕೇ ಸರಿಹೋಯಿತು. ಹಳ್ಳಿಯಿಂದ ನರಸೀಪುರ, ಅಲ್ಲಿಂದ ಮೈಸೂರು, ಅಲ್ಲಿಂದ ಬೆಂಗಳೂರು, ಮತ್ತೆ ಸಿಟಿ ಬಸ್ಸು ಹಿಡಿದು ಭಾವನ ತಂಗಿಯ ಮನೆ. ಭಾವ ವಿಮಾನ ನಿಲ್ದಾಣದವರೆಗೂ ಬಂದು ಬಿಟ್ಟುಹೋಗುತ್ತೇನೆಂದು ಜೊತೆಗೇ ಬಂದಿದ್ದರು. ಬೆಳಿಗ್ಗೆ ಬಾಗಿಲಲ್ಲಿ ನಮ್ಮ ಟಿಕೆಟ್, ಆಧಾರ್ ಕಾರ್ಡ್ ನೋಡಿ ನಮ್ಮಿಬ್ಬರನ್ನು ಒಳಗೆ ಬಿಟ್ಟರು. ಭಾವ ಕಂಬಿಯ ಆಚೆ ನಿಂತರು. ನಾವು ಒಳಗೆ ಬಂದಾಯಿತು, ಇನ್ನು ಹೊರಡಿ ಎಂದರೂ ಅವರು ಅಲ್ಲಾಡಲಿಲ್ಲ.

ಬ್ಯಾಗು ಹಾಕುವ ಕೌಂಟರಿನ ಹುಡುಗಿ ಕನ್ನಡದಲ್ಲೇ ಕೇಳಿದಳು, ಬ್ಯಾಗಿನಲ್ಲಿ ಬೆಂಕಿಪೊಟ್ಟಣ, ಪವರ್ ಬ್ಯಾಂಕ್, ಕೊಬ್ಬರಿ ಏನಾದರೂ ಇದೆಯಾ ಎಂದು. ಅಕ್ಕ ಖುಷಿಯಿಂದ, ಇದೆ ಕಣವ್ವ, ನಮ್ಮನೆ ಮರದ್ದೇ ಎಂದಳು. ಆ ಹುಡುಗಿ ಮುಖ ಸಣ್ಣದು ಮಾಡಿಕೊಂಡು, ಒಣ ಕೊಬ್ಬರಿಯಲ್ಲಿ ಎಣ್ಣೆ ಇರುವುದರಿಂದ ಬೇಗ ಬೆಂಕಿ ಹತ್ತುತ್ತದೆ, ವಿಮಾನದಲ್ಲಿ ಬಿಡುವುದಿಲ್ಲ ಎಂದಳು. ಅಕ್ಕ ಮೊದಲು ನಂಬಲಿಲ್ಲ. ಆಮೇಲೆ ಒಲೆ ಹತ್ತಿಸುವಾಗ ತಾನೇ ಕೊಬ್ಬರಿ ಚೂರು ಹಾಕುತ್ತಿದ್ದುದು ನೆನಪಾಯಿತೋ ಏನೋ, ಬ್ಯಾಗು ಬಿಚ್ಚಿ ಗಂಟನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಹಿಂದೆ ಸಾಲು ಬೆಳೆಯುತ್ತಿತ್ತು.

"ಬಾಣಂತಿಗೆ ಕೊಬ್ರಿ ಇಲ್ದೆ ನಾನೋಗಿ ಏನ್ ತಿನ್ಸಲಿ? ನೀನೋಗು. ನಾನು ರೈಲಲ್ಲಿ ಬತ್ತೀನಿ."

ಅವಳ ಕಣ್ಣು ತುಂಬಿತ್ತು. ಕೊಬ್ಬರಿಗಾಗಿ ಅಲ್ಲ ಎಂದು ನನಗೆ ಗೊತ್ತಿತ್ತು. ಒಂದು ವಾರದಿಂದ ಒಳಗೇ ಇಟ್ಟುಕೊಂಡಿದ್ದ ಭಯವೆಲ್ಲ ಆ ಗಂಟಿನ ನೆಪದಲ್ಲಿ ಹೊರಗೆ ಬಂದಿತ್ತು. ನಾನು ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು ಬಾಗಿಲಿಗೆ ಓಡಿದೆ. ಕಾವಲಿನವನಿಗೆ ನನ್ನ ಪರೀಕ್ಷೆಯ ಹಿಂದಿಯಲ್ಲಿ ವಿಷಯ ಹೇಳಿದೆ. ಅವನು ಗಂಟನ್ನು ಮೂಸಿ ನೋಡಿ, ಕಂಬಿಯ ಮೇಲಿಂದ ಕೊಡಿ, ನೀವು ಮಾತ್ರ ಆಚೆ ಹೋಗಬೇಡಿ ಎಂದ. ಭಾವ ಅದೇ ಜಾಗದಲ್ಲಿ ನಿಂತಿದ್ದರು. ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಓಗ್ಲಿ ಬುಡವ್ವ. ಇದನ್ನ ನಾನು ತಲುಪುಸ್ತೀನಿ ಅಂತ ಅವಳಿಗೆ ಏಳು."

ಕೊರಿಯರ್ ಮಾಡಿಸುತ್ತಾರೇನೋ ಎಂದುಕೊಂಡು ನಾನು ಒಳಗೆ ಬಂದು ಹಾಗೆಯೇ ಹೇಳಿದೆ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

ವಿಮಾನ ನೆಲ ಬಿಡುವಾಗ ಅವಳು ನನ್ನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಬಳೆ ಒತ್ತಿ ಗುರುತು ಬಿತ್ತು. ಕಣ್ಣು ಮುಚ್ಚಿ ನಂಜುಂಡೇಶ್ವರನಿಂದ ಹಿಡಿದು ಊರಿನ ಮಾರಮ್ಮನವರೆಗೆ ಎಲ್ಲರನ್ನೂ ಕರೆದಳು. ಮೋಡದ ಮೇಲಕ್ಕೆ ಬಂದು ಅಲುಗಾಟ ನಿಂತಮೇಲೆ ಒಂದು ಕಣ್ಣು ಬಿಟ್ಟು, ನಿಂತುಹೋಯಿತಾ ಎಂದು ಕೇಳಿದಳು. ಇಲ್ಲ, ಓಡುತ್ತಿದೆ ಎಂದೆ. ಓಡುತ್ತಿರುವ ಹಾಗೆ ಯಾವ ಗುರುತೂ ಇಲ್ಲದ್ದು ನನಗೂ ಸೋಜಿಗವೇ ಆಗಿತ್ತು. ಬಸ್ಸಿನಲ್ಲಾದರೆ ಹಳ್ಳ ಬಂದರೆ ಗೊತ್ತಾಗುತ್ತದೆ, ಮರ ಹಿಂದಕ್ಕೆ ಹೋಗುತ್ತದೆ, ಕಂಡಕ್ಟರು ಊರಿನ ಹೆಸರು ಕೂಗುತ್ತಾನೆ. ಇಲ್ಲಿ ಊರುಗಳೆಲ್ಲ ಹೆಸರಿಲ್ಲದೆ ದಾಟಿಹೋಗುತ್ತಿದ್ದವು.

ಒಂದು ಕಡೆ ಮೋಡ ಸರಿದು ಬಲಗಡೆ ನೀಲಿ ಕಂಡಿತು. ಆಕಾಶವೇ ಕೆಳಗೂ ಇದೆ ಎಂದುಕೊಂಡೆ. ಆಮೇಲೆ ಅಂಚಿನಲ್ಲಿ ಬಿಳಿ ನೊರೆಯ ಗೆರೆ ಕಂಡು ಸಮುದ್ರವೆಂದು ತಿಳಿಯಿತು. ಅಕ್ಕ ಸಮುದ್ರ ನೋಡಿದ್ದು ಅದೇ ಮೊದಲು. ಕಿಟಕಿಗೆ ಹಣೆ ಒತ್ತಿ, ನೀರು ಮರೆಯಾಗುವವರೆಗೂ ನೋಡಿದಳು. ಭಯ ಎಲ್ಲಿ ಹೋಯಿತೋ, ನಾವು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚಿ ನನಗೊಂದು ಕೊಟ್ಟು, ಪಕ್ಕದಲ್ಲಿ ಕೂತಿದ್ದ ಅಸ್ಸಾಮಿನ ಹೆಂಗಸಿಗೂ ಒಂದು ಕೊಟ್ಟಳು. ಆಕೆ ತಿಂದು, ತನ್ನ ಚೀಲದಿಂದ ಎಳ್ಳು ತುಂಬಿದ ಒಂದು ಅಕ್ಕಿಹಿಟ್ಟಿನ ಸುರುಳಿ ತಿಂಡಿ ತೆಗೆದು ಅಕ್ಕನ ಕೈಗಿಟ್ಟಳು. ಅವರಿಬ್ಬರೂ ಅವರವರ ಭಾಷೆಯಲ್ಲೇ ಮಾತಾಡಿಕೊಂಡರು, ನನ್ನ ಹಿಂದಿಯ ಅಗತ್ಯ ಬೀಳಲಿಲ್ಲ.

ಇಳಿಯುವ ಮುಂಚೆ ಬ್ರಹ್ಮಪುತ್ರ ಕಾಣಿಸಿತು. ನಾವು ಕಾವೇರಿ ಕಪಿಲೆ ಸೇರುವ ಸೀಮೆಯಲ್ಲೇ ಹುಟ್ಟಿ ಬೆಳೆದವರು, ಹೊಳೆ ಎಂದರೆ ನಮಗೆ ಹೊಸದಲ್ಲ. ಆದರೆ ಇದು ಮರಳಿನ ದಿಬ್ಬಗಳನ್ನು ನಡುನಡುವೆ ಬಿಟ್ಟುಕೊಂಡು, ಒಂದು ದಡದಿಂದ ಇನ್ನೊಂದು ದಡ ಎಲ್ಲಿ ಎಂದು ಹುಡುಕುವಷ್ಟು ಅಗಲಕ್ಕೆ ಮಲಗಿತ್ತು. ಅಕ್ಕ ಕೂತಲ್ಲೇ ಕೈ ಮುಗಿದಳು. ಹೊರಗೆ ಬಂದಾಗ ಅಳಿಯ ಕಾಯುತ್ತಿದ್ದ. ಮನೆ ತಲುಪಿದಾಗ ಮಗಳು ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದಳು, ಮುಖ ಕಾಲು ಊದಿದ್ದವು. ಅಕ್ಕ ಚಪ್ಪಲಿ ಬಿಟ್ಟವಳೇ ಹೋಗಿ ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು.

ಅಲ್ಲಿ ಬೆಳಕು ಬೇಗ. ಅಕ್ಕ ಊರಿನಲ್ಲಿ ಎಲ್ಲರಿಗಿಂತ ಮೊದಲು ಏಳುವವಳು, ಅಲ್ಲಿ ಅವಳಿಗಿಂತ ಮೊದಲೇ ಸೂರ್ಯ ಎದ್ದಿರುತ್ತಿದ್ದ. ಗಡಿಯಾರದಲ್ಲಿ ಊರಿನದೇ ಹೊತ್ತು, ಆಕಾಶದಲ್ಲಿ ಬೇರೆ ಹೊತ್ತು. ಸಂಜೆಯೂ ಹಾಗೆಯೇ, ನಮ್ಮ ಕಡೆ ದನ ಮನೆಗೆ ಬರುವ ಹೊತ್ತಿಗೆ ಅಲ್ಲಿ ಕತ್ತಲಾಗಿ ದೀಪ ಹತ್ತಿರುತ್ತಿತ್ತು. ದಿನಾ ಸಂಜೆ ಸೊಸೆಗೆ ಫೋನ್ ಮಾಡಿದಾಗ, ನಿಮ್ಮಲ್ಲಿ ಇನ್ನೂ ಬಿಸಿಲಿದೆಯಾ ಎಂದು ಅಕ್ಕ ಕೇಳುವುದು, ಇದೆ ಅತ್ತೆ ಎಂದು ಅವಳು ಹೇಳುವುದು ಅಭ್ಯಾಸವಾಗಿಬಿಟ್ಟಿತು. ಮಾವ ಎಲ್ಲಿ ಎಂದು ಕೇಳಿದರೆ ಮಾತ್ರ ಸೊಸೆ ಒಂದು ದಿನ ತೋಟಕ್ಕೆ ಹೋಗಿದ್ದಾರೆ ಎಂದಳು, ಮಾರನೆಯ ದಿನ ಕವಲಂದೆಗೆ ನೆಂಟರ ಮನೆಗೆ ಹೋಗಿದ್ದಾರೆ ಎಂದಳು.

ನಾವು ಹೋಗಿ ಒಂದು ವಾರವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ ಒತ್ತಡ ನೋಡಿದ ಡಾಕ್ಟರಮ್ಮ, ಇನ್ನು ಕಾಯುವುದು ಬೇಡ ಎಂದು ಮಗಳನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಅಳಿಯ ವರಾಂಡದಲ್ಲಿ ಹಿಂದೆ ಮುಂದೆ ನಡೆದ. ಅಕ್ಕ ಗೋಡೆಗೆ ಒರಗಿ ಕೂತು ಬಾಗಿಲನ್ನೇ ನೋಡುತ್ತಿದ್ದಳು. ನರ್ಸು ಬಂದು ಬಿಳಿ ಬಟ್ಟೆಯಲ್ಲಿ ಸುತ್ತಿದ ಹೆಣ್ಣುಮಗುವನ್ನು ತಂದು ಅಕ್ಕನ ಕೈಗೆ ಕೊಟ್ಟಳು. ಮಗಳೂ ಚೆನ್ನಾಗಿದ್ದಾಳೆ ಎಂದು ಹೇಳಿದ್ದನ್ನು ನಾನು ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. ಅವಳಿಗೆ ಆಗಲೇ ಅರ್ಥವಾಗಿತ್ತು. ಮಗುವಿನ ಅಂಗಾಲಿಗೆ ಮೂಗು ತಾಗಿಸಿ ಅಳುತ್ತಲೇ ನಗುತ್ತಿದ್ದಳು.

ಭಾವನಿಗೆ ಫೋನ್ ಮಾಡಿದರೆ ಹೋಗುತ್ತಿಲ್ಲ. ಎಷ್ಟು ಸಲ ಮಾಡಿದರೂ ವ್ಯಾಪ್ತಿಪ್ರದೇಶದ ಹೊರಗೆ ಎನ್ನುತ್ತಿತ್ತು. ಅಕ್ಕನಿಗೆ ಸಿಟ್ಟು ಬಂತು. ಮಧ್ಯಾಹ್ನ ಅವರೇ ಮಾಡಿದರು. ಹಿಂದೆ ಗಡಗಡ ಸದ್ದು, ಯಾರೋ ಚಾ ಚಾ ಎಂದು ಕೂಗುತ್ತಿದ್ದರು. ನಾನು ಸ್ಪೀಕರ್ ಹಾಕಿದೆ.

"ಎಲ್ಲಿದ್ದೀರಿ ನೀವು?" ಎಂದಳು ಅಕ್ಕ.

"ಬಂಗಾಳದಲ್ಲಿವ್ನಿ ಕಣೆ. ನಿನ್ ಕೊಬ್ರಿ ತರ್ತಾವ್ನಿ."

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಫೋನನ್ನು ನನ್ನ ಕಡೆ ತಳ್ಳಿದಳು. ಮೊಮ್ಮಗಳು ಹುಟ್ಟಿದ್ದಾಳೆ ಭಾವ ಎಂದು ನಾನು ಹೇಳಿದೆ. ಆ ಕಡೆ ರೈಲಿನ ಸದ್ದಿನ ನಡುವೆ ಅವರು ಯಾರಿಗೋ, ಮೊಮ್ಮಗಳು, ಮೊಮ್ಮಗಳು ಎಂದು ಕೂಗಿ ಹೇಳುವುದು ಕೇಳಿಸಿತು.

ಮಾರನೆಯ ದಿನ ಅಳಿಯ ಅವರನ್ನು ಸ್ಟೇಷನ್ನಿನಿಂದ ಕರೆತಂದ. ಬೆಂಗಳೂರಿನಿಂದ ವಾಪಸು ಹೋದವರೇ ಹಸುಗಳನ್ನು ಮಗನಿಗೆ ವಹಿಸಿ, ನಮಗೆ ಹೇಳಬಾರದೆಂದು ಸೊಸೆಯ ಬಾಯಿ ಕಟ್ಟಿ ಹೊರಟುಬಿಟ್ಟಿದ್ದರಂತೆ. ಮೂರು ದಿನದ ಗಡ್ಡ, ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಅದೇ ಗಂಟು. ಕಾಲು ಈ ಸಲವೂ ಊದಿದ್ದವು, ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದರು. ಗಂಟು ಸಣ್ಣದಾಗಿತ್ತು. ಅಕ್ಕ ಅದನ್ನು ಎತ್ತಿ ನೋಡಿ ಅವರ ಮುಖ ನೋಡಿದಳು. ಫೋನಿನಲ್ಲಿ ಸುದ್ದಿ ಕೇಳಿದ ಮೇಲೆ ಬೋಗಿಯವರಿಗೆಲ್ಲ ಒಂದೊಂದು ಚೂರು ಹಂಚಿದೆ, ಸಕ್ಕರೆ ಎಲ್ಲಿ ಸಿಗುತ್ತದೆ ಅಲ್ಲಿ ಎಂದು ಅವರು ಹೇಳಿದರು. ಬಾಣಂತಿಗೆಂದು ತಿಂಗಳುಗಟ್ಟಲೆ ಕಾದಿಟ್ಟದ್ದನ್ನು ರೈಲಿನವರಿಗೆ ತಿನ್ನಿಸಿದಿರಾ ಎಂದು ಅಕ್ಕ ಗದರಿದಳು. ಗದರುತ್ತಲೇ ಬಿಸಿನೀರು ಕಾಯಿಸಿ ಉಪ್ಪು ಹಾಕಿ ಅವರ ಕಾಲಿಗೆ ತಂದಿಟ್ಟಳು.

ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ನಿಜವಾದ ಬಾಣಂತನ ಶುರುವಾಯಿತು. ಹೊಲಿಗೆ ಮಾಗುವವರೆಗೆ ಏನೇನು ಬೇಡ ಎಂದು ಡಾಕ್ಟರಮ್ಮ ಹೇಳಿದ್ದರಲ್ಲಿ ಸರಿ ಕಂಡದ್ದನ್ನು ಅಕ್ಕ ಒಪ್ಪಿಕೊಂಡಳು, ಒಪ್ಪದ್ದನ್ನು ಸುಮ್ಮನೆ ಕೇಳಿಸಿಕೊಂಡಳು. ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದದ್ದು, ಕೊಬ್ಬರಿ ಬೆಲ್ಲ ಹಾಕಿ ಕಟ್ಟಿದ ಅಂಟಿನುಂಡೆ. ಬೆಳಿಗ್ಗೆ ಅವಳು ಕಾಲು ಚಾಚಿ ಕೂತು ಮಗುವನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರೆ, ಪಕ್ಕದ ಕ್ವಾರ್ಟರ್ಸಿನ ಪಂಜಾಬಿ, ಮಣಿಪುರಿ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಭಾವ ದಿನಾ ನಡೆದು ಮಾರ್ಕೆಟ್ಟಿಗೆ ಹೋಗಿ, ಹೆಸರು ಗೊತ್ತಿಲ್ಲದ ಸೊಪ್ಪುಗಳನ್ನು ತಂದು, ಇದು ನಮ್ಮ ಯಾವ ಸೊಪ್ಪಿನ ಹಾಗಿದೆ ಎಂದು ಅಕ್ಕನ ಹತ್ತಿರ ವಾದ ಮಾಡುತ್ತಿದ್ದರು. ನಾನು ಅಲ್ಲಿನ ಒಬ್ಬ ಹೆಂಗಸಿನ ಮೆಷಿನ್ ಕೇಳಿ ಪಡೆದು ಅವಳಿಗೆ ಎರಡು ರವಿಕೆ ಹೊಲಿದುಕೊಟ್ಟೆ. ಕುತ್ತಿಗೆಗೆ ನಾನು ಕೊಟ್ಟ ಕಟಿಂಗ್ ಅವಳಿಗೆ ಬಹಳ ಇಷ್ಟವಾಯಿತು.

ತಿಂಗಳ ಮೇಲೆ ಸ್ವಲ್ಪ ದಿನ ಕಳೆದಾಗ ಮಂಡ್ಯದಿಂದ ಬೀಗಿತ್ತಿ ಬಂದರು. ಇನ್ನು ಅವರ ಸರದಿ. ಅಳಿಯ ನಮ್ಮ ಮೂವರಿಗೂ ವಿಮಾನದ ಟಿಕೆಟ್ ನೋಡುತ್ತೇನೆಂದು ಮೊಬೈಲು ತೆಗೆದ. ಭಾವ ನೆಲ ನೋಡುತ್ತಾ ಕೂತಿದ್ದರು. ಅಕ್ಕ ಒಮ್ಮೆ ಅವರ ಕಡೆ ನೋಡಿ, ಬೇಡಪ್ಪ, ರೈಲಿಗೆ ಮಾಡು ಎಂದಳು. ಮೂರು ದಿನ ಕೂತಿರುವುದು ಕಷ್ಟ ಅಕ್ಕ, ನಿನ್ನ ಸೊಂಟ ನೋವು ಬೇರೆ ಎಂದು ನಾನು ಹೇಳಿ ನೋಡಿದೆ.

"ಬರೋವಾಗ ಮಗಳ ತಾವಿಕ್ಕೆ ಬರಬೇಕಾಗಿತ್ತು, ಬಂದೊ. ಈಗ ಯಾವ ಅವಸರ? ಇವರು ವರ್ಷೆಲ್ಲ ಏಳಿದ್ದನ್ನ ನಾನೂ ವಸಿ ಕಣ್ಣಲ್ಲಿ ನೋಡ್ತೀನಿ."

ಭಾವ ತಲೆ ಎತ್ತಲಿಲ್ಲ, ಆದರೆ ಕಿವಿಯವರೆಗೂ ನಕ್ಕದ್ದು ಪಕ್ಕದಿಂದ ಕಾಣುತ್ತಿತ್ತು.

ಹಾಗೆ ನಾವು ರೈಲು ಹತ್ತಿದೆವು. ಮೂರು ಬರ್ತು, ಒಂದು ಚೀಲ ಚಪಾತಿ, ಅಕ್ಕಪಕ್ಕದವರು ಕೊಟ್ಟ ಚಹಾಪುಡಿ, ಒಂದು ಬಿದಿರಿನ ಬುಟ್ಟಿ. ಭಾವ ಪ್ರತಿ ದೊಡ್ಡ ಸ್ಟೇಷನ್ನಿನಲ್ಲೂ ಇಳಿದು ಏನಾದರೂ ಹಿಡಿದು ತರುತ್ತಿದ್ದರು. ಮಣ್ಣಿನ ಕುಡಿಕೆಯ ಟೀ ನಿಜಕ್ಕೂ ಸಿಕ್ಕಿತು. ಅಕ್ಕ ಕುಡಿದು, ಕುಡಿಕೆಯನ್ನು ಎಸೆಯದೆ ತೊಳೆದು ಬುಟ್ಟಿಯಲ್ಲಿಟ್ಟಳು. ಎದುರಿನ ಸೀಟಿನ ಒಡಿಯಾ ಕುಟುಂಬದ ಮಗು ಅವಳ ಮಡಿಲಲ್ಲೇ ನಿದ್ದೆಹೋಯಿತು. ತವರಿನ ಸಂಗತಿ, ಅವ್ವನ ಸಂಗತಿ, ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದಮೇಲೆ ಅಕ್ಕನೂ ನಾನೂ ಕೂತು ಆಡದೇ ಉಳಿದಿದ್ದ ಎಷ್ಟೋ ಮಾತುಗಳನ್ನು ಆ ದಿನಗಳಲ್ಲಿ ಆಡಿ ಮುಗಿಸಿದೆವು. ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದೂರದಲ್ಲಿದ್ದರೂ ಮದುವೆಯಾದಮೇಲೆ ನಾವಿಬ್ಬರೂ ಬೇರೆ ಕೆಲಸವಿಲ್ಲದೆ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು.

ಒಡಿಶಾದಲ್ಲಿ ಬೆಳಗಾಗುವ ಹೊತ್ತಿಗೆ ರೈಲು ಒಂದು ದೊಡ್ಡ ಸರೋವರದ ಪಕ್ಕದಲ್ಲಿ ಓಡುತ್ತಿತ್ತು. ಚಿಲಿಕಾ ಎಂದು ಯಾರೋ ಹೇಳಿದರು. ನೀರಿನ ಮೇಲೆ ದೋಣಿಗಳು, ಬೆಸ್ತರ ಬಲೆ ಕಟ್ಟಿದ ಗಳುಗಳು, ಆಚೆಗೆ ಗುಡ್ಡ. ಅಕ್ಕ ಮುಖ ತೊಳೆದು, ತಲೆ ಬಾಚಿ, ಕುಂಕುಮ ಇಟ್ಟುಕೊಂಡು ಕಿಟಕಿಯ ಬಳಿ ಕೂತಳು. ಭಾವ ಅವಳ ಪಕ್ಕದಲ್ಲಿ ಕೂತು, ಅದು ಏನು ಇದು ಏನು ಎಂದು ಬೆರಳು ತೋರಿಸುತ್ತಿದ್ದರು. ಅರ್ಧಕ್ಕರ್ಧ ತಪ್ಪೇ ಇರಬೇಕು. ಅವಳು ಎಲ್ಲದಕ್ಕೂ ಊಂ ಎನ್ನುತ್ತಿದ್ದಳು. ನಾನು ಮೇಲಿನ ಬರ್ತಿನಲ್ಲಿ ಮಲಗಿಕೊಂಡು ಅವರಿಬ್ಬರ ಮಾತು ಕೇಳುತ್ತಾ ಮತ್ತೆ ನಿದ್ದೆಹೋದೆ.